ಮೊದಲ ಟೂಲ್ ಬಾಕ್ಸ್‌ಗೆ ಏನೇನು ಬೇಕು? 100 ಪೀಸ್ ಕಿಟ್ ತೆಗೆದುಕೊಳ್ಳಲಾ, ಬೇಡ್ವಾ?

ಹೊಸ_ಕೀಲಿಕೈ

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಒಬ್ಬಳೇ ಮನೆ ಮಾಡಿದ್ದೇನೆ, ಎರಡು ತಿಂಗಳಾಯಿತು. ಇಷ್ಟು ವರ್ಷ ಮನೆಯಲ್ಲಿ ಏನೇ ಸಡಿಲವಾದರೂ ಅಪ್ಪ ನೋಡಿಕೊಳ್ಳುತ್ತಿದ್ದರು. ಈಗ ನನ್ನ ಹತ್ತಿರ ಒಂದು ಸ್ಕ್ರೂಡ್ರೈವರ್ ಕೂಡ ಇಲ್ಲ.

ಮೊನ್ನೆ ಕಪಾಟಿನ ಬಾಗಿಲು ಒಂದು ಕಡೆ ಜೋತು ಬಿತ್ತು. ಬಗ್ಗಿ ನೋಡಿದರೆ ಹಿಂಜಿನ ಸ್ಕ್ರೂ ಸಡಿಲವಾಗಿದೆ. ಕೈಗೆ ಸಿಕ್ಕಿದ ಚಾಕುವಿನ ತುದಿ ಹಾಕಿ ತಿರುಗಿಸಿದೆ. ಚಾಕುವಿನ ತುದಿ ಸೊಟ್ಟಗಾಯಿತು, ಸ್ಕ್ರೂ ತಲೆ ಸವೆದುಹೋಯಿತು. ಬಾಗಿಲು ಹಾಗೇ ನೇತಾಡುತ್ತಿದೆ.

ಅದಕ್ಕೇ ಒಂದು ಟೂಲ್ ಬಾಕ್ಸ್ ಮಾಡಿಕೊಳ್ಳೋಣ ಅಂತ ಹೊರಟಿದ್ದೇನೆ. ನೋಡಿದಲ್ಲೆಲ್ಲ 100 ಪೀಸ್, 150 ಪೀಸ್ ಕಿಟ್‌ಗಳೇ ಕಾಣುತ್ತಿವೆ. ಚೆಂದದ ಪೆಟ್ಟಿಗೆ, ಒಳಗೆ ಎಲ್ಲದಕ್ಕೂ ಒಂದೊಂದು ಜಾಗ. ಅದನ್ನೇ ತೆಗೆದುಕೊಳ್ಳಲಾ, ಇಲ್ಲ ಒಂದೊಂದಾಗಿ ಕೊಳ್ಳಲಾ? ಡ್ರಿಲ್ಲಿಂಗ್ ಮಷೀನು ಈಗಲೇ ಬೇಕಾ? ನನ್ನ ಮುಂದಿರುವ ಕೆಲಸ ಇಷ್ಟು: ಈ ಬಾಗಿಲು, ಗೋಡೆಗೆ ಒಂದು ಶೆಲ್ಫ್, ತೊಟ್ಟಿಕ್ಕುವ ಒಂದು ನಲ್ಲಿ, ಅಲ್ಲಾಡುವ ಒಂದು ಕುರ್ಚಿ. ಏನೂ ಗೊತ್ತಿಲ್ಲದವಳಿಗೆ ಹೇಳುವ ಹಾಗೆ ಹೇಳಿ, ದಯವಿಟ್ಟು.

ಗ್ಯಾರೇಜ್_ಮಾತು

100 ಪೀಸ್ ಕಿಟ್ ಬೇಡ. ಆ ಡಬ್ಬದ ಮೇಲಿನ ಪಟ್ಟಿ ಪೂರ್ತಿ ಓದಿ ನೋಡಿ. ಎಷ್ಟೋ ಕಿಟ್‌ಗಳಲ್ಲಿ ಸ್ಕ್ರೂಡ್ರೈವರ್ ಹಿಡಿಗೆ ಸಿಕ್ಕಿಸುವ ಒಂದೊಂದು ಸಣ್ಣ ತುದಿಯನ್ನೂ (ಬಿಟ್), ಒಂದೊಂದು ಮೊಳೆಯನ್ನೂ ಒಂದು ಪೀಸ್ ಅಂತ ಎಣಿಸಿರುತ್ತಾರೆ. ನಿಜವಾಗಿ ಕೈಯಲ್ಲಿ ಹಿಡಿಯುವ ಸಾಮಾನು ಎಂಟೋ ಹತ್ತೋ ಅಷ್ಟೇ.

ಮೂರನೇ_ಮಹಡಿ

ನಾನು ಒಪ್ಪುವುದಿಲ್ಲ. ನಾನೂ ಕಿಟ್‌ನಿಂದಲೇ ಶುರು ಮಾಡಿದವನು. ಆರು ವರ್ಷ ಆಯಿತು, ಅದರ ಸುತ್ತಿಗೆ, ಇಕ್ಕಳ, ಟೇಪ್ ಈಗಲೂ ಚೆನ್ನಾಗಿವೆ. ಏನೂ ಇಲ್ಲದವರಿಗೆ ಒಂದೇ ಸಲಕ್ಕೆ ಎಲ್ಲ ಕೈಗೆ ಸಿಗುತ್ತದೆ, ಇಡಲು ಜಾಗವೂ ಸಿಗುತ್ತದೆ. ಒಂದೊಂದಾಗಿ ಕೊಳ್ಳಿ ಅನ್ನುವುದು ಸುಲಭ. ರಾತ್ರಿ ಹತ್ತು ಗಂಟೆಗೆ ನಲ್ಲಿ ಕಿತ್ತುಬಂದಾಗ ಅಂಗಡಿ ತೆರೆದಿರುತ್ತಾ?

ಗ್ಯಾರೇಜ್_ಮಾತು

ಅಣ್ಣಾ, ಸುತ್ತಿಗೆಯಲ್ಲಿ ಕೆಡುವುದು ಏನಿದೆ? ನಾನು ಕೇಳುವುದು ಸ್ಕ್ರೂಡ್ರೈವರ್ ಬಗ್ಗೆ. ಆ ಕಿಟ್‌ನ ಸ್ಟಾರ್ (ಪ್ಲಸ್ ಆಕಾರದ) ಸ್ಕ್ರೂಡ್ರೈವರ್ ತುದಿ ಆರು ವರ್ಷದ ಮೇಲೂ ಚೂಪಾಗಿದೆಯಾ?

ಮೂರನೇ_ಮಹಡಿ

ಅದು ಬದಲಾಯಿಸಿದ್ದೇನೆ, ಸರಿ. ಇಕ್ಕಳ ಮಾತ್ರ ಅದೇ.

ಮರದ_ಪುಡಿ

ನಾನು ಮರಗೆಲಸದವನು. ನನ್ನ ಅಭಿಪ್ರಾಯ ಹೇಳುತ್ತೇನೆ. ಪೀಸ್ ಎಣಿಸಬೇಡಿ. ನಿಮ್ಮ ಮುಂದಿರುವ ನಾಲ್ಕು ಕೆಲಸ ನೋಡಿ, ಪ್ರತಿ ಕೆಲಸಕ್ಕೆ ಕೈಯಲ್ಲಿ ಏನು ಬೇಕು ಅಂತ ಬರೆದುಕೊಳ್ಳಿ. ಅದೇ ನಿಮ್ಮ ಕಿಟ್. ಮುಂದೆ ಕೆಲಸ ಬಂದ ಹಾಗೆ ಸಾಮಾನು ಸೇರಿಸುತ್ತಾ ಹೋಗಿ.

ಮೊದಲು ಸ್ಕ್ರೂಡ್ರೈವರ್. ಇದೊಂದರಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಸ್ಟಾರ್ ಸ್ಕ್ರೂಡ್ರೈವರ್‌ನಲ್ಲಿ ಅಳತೆಗಳಿವೆ: ಪಿಎಚ್0, ಪಿಎಚ್1, ಪಿಎಚ್2, ಪಿಎಚ್3. ಪಿಎಚ್ ಅಂದರೆ ಫಿಲಿಪ್ಸ್, ಈ ಪ್ಲಸ್ ತುದಿಯ ಹೆಸರು. ಹಿಡಿಯ ಮೇಲೋ ಕಡ್ಡಿಯ ಮೇಲೋ ಕೆತ್ತಿರುತ್ತಾರೆ. ಮನೆಯ ಹೆಚ್ಚಿನ ಸ್ಕ್ರೂಗಳಿಗೆ ಪಿಎಚ್2 ಸರಿಹೋಗುತ್ತದೆ. ಸಣ್ಣ ಸ್ಕ್ರೂಗಳಿಗೆ ಪಿಎಚ್1. ಆಟಿಕೆಯ ಬ್ಯಾಟರಿ ಮುಚ್ಚಳದಂಥದ್ದಕ್ಕೆ ಪಿಎಚ್0. ಪಿಎಚ್2 ಸ್ಕ್ರೂಗೆ ಪಿಎಚ್1 ಹಾಕಿದರೂ ಒಳಗೆ ಕೂರುತ್ತದೆ, ತಿರುಗುತ್ತದೆ ಕೂಡ. ಆದರೆ ಗೀರಿನ ಗೋಡೆಗಳಿಗೆ ಬಿಗಿಯಾಗಿ ತಾಗುವುದಿಲ್ಲ. ಬಿಗಿ ಬಂದ ಕೂಡಲೇ ಜಾರಿ ತಲೆಯನ್ನು ಕೊರೆದುಬಿಡುತ್ತದೆ. ಒಂದು ಪರೀಕ್ಷೆ ಇದೆ. ಸ್ಕ್ರೂ ಮೇಲೆ ತುದಿ ಇಟ್ಟು ಮೆಲ್ಲಗೆ ಅಲ್ಲಾಡಿಸಿ. ಆಚೀಚೆ ಕುಲುಕಿದರೆ ಅಳತೆ ತಪ್ಪು. ಸ್ಕ್ರೂ ತಾನೇ ತುದಿಗೆ ಅಂಟಿಕೊಂಡ ಹಾಗೆ ನಿಂತರೆ ಸರಿ.

ಜೊತೆಗೆ ಎರಡು ಮೈನಸ್ ಸ್ಕ್ರೂಡ್ರೈವರ್, ಒಂದು ಸಣ್ಣದು, ಒಂದು ಅಗಲದ್ದು. ಕುರ್ಚಿಗೆ ಅಲೆನ್ ಕೀ (ಆರು ಮೂಲೆಯ, ಎಲ್ ಆಕಾರದ ಕಡ್ಡಿ) ಸೆಟ್, ಮಿಲಿಮೀಟರ್ ಅಳತೆಯದು. ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಿಸುವ ಕುರ್ಚಿ ಮೇಜುಗಳಲ್ಲಿ 4, 5 ಎಂಎಂ ಜಾಸ್ತಿ. ಒಂದು ಕಟಿಂಗ್ ಪ್ಲೇಯರ್, ಅಂದರೆ ವೈರ್ ಕತ್ತರಿಸಲೂ ಬರುವ ಇಕ್ಕಳ. 8 ಇಂಚಿನ ಒಂದು ಅಡ್ಜಸ್ಟಬಲ್ ಸ್ಪ್ಯಾನರ್. ಸುಮಾರು 450 ಗ್ರಾಂ ತೂಕದ, ಹಿಂದೆ ಮೊಳೆ ಕೀಳುವ ಸೀಳು ಇರುವ ಸುತ್ತಿಗೆ. ಕೈ ಸೋಲುತ್ತದೆ ಅನ್ನಿಸಿದರೆ 300 ಗ್ರಾಂನದ್ದೂ ಸಾಕು, ಒಂದೆರಡು ಏಟು ಜಾಸ್ತಿ ಬೀಳುತ್ತದೆ ಅಷ್ಟೇ. ಅಳತೆ ಟೇಪ್, ಪೆನ್ಸಿಲ್, ಒಂದು ಕಟರ್, ಸಮ ಇದೆಯಾ ಓರೆ ಇದೆಯಾ ಅಂತ ಗುಳ್ಳೆಯಿಂದ ತೋರಿಸುವ ಚಿಕ್ಕ ರಸಮಟ್ಟ. ಕಣ್ಣಿಗೆ ಕನ್ನಡಕ.

ಇಷ್ಟೇ. ಒಂದು ಹಳೆಯ ಬಟ್ಟೆ ಚೀಲದಲ್ಲಿ ಹಿಡಿಸುತ್ತದೆ.

ಇಬ್ಬರು_ಮಕ್ಕಳ_ತಾಯಿ

ಟಾರ್ಚ್ ಬಿಟ್ಟಿರಲ್ಲ ಸರ್! ಸಿಂಕಿನ ಕೆಳಗೆ ತಲೆ ಹಾಕಿದರೆ ಏನೂ ಕಾಣುವುದಿಲ್ಲ. ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಆದರೆ ಎರಡೂ ಕೈ ಬಿಡುವಾಗಿರುತ್ತವೆ. ನನ್ನ ಡಬ್ಬದಲ್ಲಿ ಅತಿ ಹೆಚ್ಚು ಕೆಲಸ ಮಾಡಿರುವುದು ಅದೇ.

ಮರದ_ಪುಡಿ

ಹೌದು, ಬೇಕೇ ಬೇಕು. ಒಳ್ಳೆಯ ಮಾತು.

ನಿಧಾನಸ್ಥ

ಹೊಸ_ಕೀಲಿಕೈ ಅವರೇ, ಮೊದಲು ಆ ಸ್ಕ್ರೂ ಸರಿಯಾಗಿ ನೋಡಿ. ಪ್ಲಸ್ ಗೀರಿನ ನಡುವೆ, ಮೂಲೆ ಮೂಲೆಗೆ ಇನ್ನೂ ನಾಲ್ಕು ತೆಳು ಗೆರೆ ಕಾಣುತ್ತಿವೆಯಾ? ಕಂಡರೆ ಅದು ಫಿಲಿಪ್ಸ್ ಅಲ್ಲ, ಪೋಜಿಡ್ರೈವ್. ಅದಕ್ಕೆ ಪಿಝೆಡ್2 ಅಂತ ಬೇರೆ ತುದಿ ಬೇಕು. ಕಪಾಟಿನ ಒಳಗೆ ಅಡಗಿರುವ ಹಿಂಜುಗಳಲ್ಲಿ ತುಂಬಾ ಸಲ ಇದೇ ಇರುತ್ತದೆ.

ಫಿಲಿಪ್ಸ್ ಸ್ಕ್ರೂಗೆ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದರು. ಆಗಲೇ ಕಾರು ತಯಾರಿಕೆಯಲ್ಲಿ ಬಳಕೆಗೆ ಬಂತು, ಯಾಕೆಂದರೆ ಮಷೀನಿನ ತುದಿ ತಾನಾಗಿ ನಡುವಿಗೆ ಬಂದು ಕೂರುತ್ತದೆ. ಆದರೆ ಅದರ ಗೋಡೆಗಳು ಓರೆ. ಜೋರಾಗಿ ತಿರುಗಿಸಿದರೆ ತುದಿ ಮೇಲಕ್ಕೆ ಜಾರುತ್ತದೆ. ಪೋಜಿಡ್ರೈವ್ ಆಮೇಲೆ ಬಂದದ್ದು, ಅದರ ಗೋಡೆಗಳು ಹೆಚ್ಚು ಕಡಿಮೆ ನೇರ. ಒಂದಕ್ಕೆ ಇನ್ನೊಂದರ ತುದಿ ಹಾಕಿದರೆ ಕೂತ ಹಾಗೆ ಕಾಣುತ್ತದೆ, ಕೆಲಸ ಕೆಡುತ್ತದೆ.

ಹೊಸ_ಕೀಲಿಕೈ

ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಹಾಳಾದ ಸ್ಕ್ರೂನಲ್ಲಿ ಏನೂ ತಿಳಿಯುತ್ತಿಲ್ಲ. ಪಕ್ಕದ ಸ್ಕ್ರೂನಲ್ಲಿ ನಾಲ್ಕು ತೆಳು ಗೆರೆ ಇವೆ! ಇಷ್ಟು ದಿನ ಅದು ಗೀಚಿದ ಗುರುತು ಅಂದುಕೊಂಡಿದ್ದೆ.

ಮರದ_ಪುಡಿ

ನಿಧಾನಸ್ಥ ಸರ್ ಹೇಳಿದ್ದು ಸರಿ, ನಾನು ಅದನ್ನು ಬಿಟ್ಟುಬಿಟ್ಟೆ. ಹಾಗಾದರೆ ಪಿಝೆಡ್2 ಕೂಡ ಒಂದು ಸೇರಿಸಿಕೊಳ್ಳಿ. ಇಲ್ಲವೇ ಒಂದೇ ಹಿಡಿಗೆ ತುದಿ ಬದಲಾಯಿಸುವ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ, ಎಲ್ಲ ಬಿಟ್ಟುಗಳೂ ಅದರಲ್ಲೇ ಬರುತ್ತವೆ.

ಗ್ಯಾರೇಜ್_ಮಾತು

ತುದಿ ಬದಲಾಯಿಸುವುದು ಬೇಡ ಅನ್ನುತ್ತೇನೆ ನಾನು. ಬಿಟ್ ಕಳೆದುಹೋಗುತ್ತದೆ. ಆಳದಲ್ಲಿರುವ ಸ್ಕ್ರೂಗೆ ಅದರ ದಪ್ಪ ಕುತ್ತಿಗೆ ಹೋಗುವುದೂ ಇಲ್ಲ.

ಮೂರನೇ_ಮಹಡಿ

ಚಿಕ್ಕ ಮನೆಯಲ್ಲಿ ಎಂಟು ಸ್ಕ್ರೂಡ್ರೈವರ್ ಇಡುವುದಕ್ಕಿಂತ ಒಂದು ಹಿಡಿ, ಹತ್ತು ಬಿಟ್ ಸಾವಿರ ಪಾಲು ವಾಸಿ. ಇಬ್ಬರ ಮಾತೂ ಅವರವರ ಕೆಲಸಕ್ಕೆ ಸರಿ. ಗ್ಯಾರೇಜಿನಲ್ಲಿ ಇಡೀ ದಿನ ತಿರುಗಿಸುವವರು ನೀವು. ಅವರು ತಿಂಗಳಿಗೊಮ್ಮೆ ತಿರುಗಿಸುವವರು.

ಗ್ಯಾರೇಜ್_ಮಾತು

ಅದು ಒಪ್ಪಿದೆ.

ಕಿಟಕಿ_ಸರಳು

ಟೇಪ್ ಕೊಳ್ಳುವಾಗ ತುದಿಯ ಕೊಕ್ಕೆ ಅಲ್ಲಾಡುತ್ತಾ ಅಂತ ನೋಡಿ ತೆಗೆದುಕೊಳ್ಳಿ. ನನ್ನದು ಹೊಸದರಲ್ಲೇ ಸಡಿಲ ಇತ್ತು. ಅಂಟು ಹಾಕಿ ಬಿಗಿ ಮಾಡಿದೆ.

ನಿಧಾನಸ್ಥ

ಅಯ್ಯೋ, ಬೇಡ! ಅಂಟು ಹಾಕಲೇಬಾರದು. ಅದು ಸಡಿಲ ಇರಬೇಕು ಅಂತಲೇ ಮಾಡಿದ್ದು. ಹತ್ತಿರದಿಂದ ನೋಡಿ, ಕೊಕ್ಕೆಯ ರಿವೆಟ್‌ಗಳ ತೂತು ದುಂಡಗಿಲ್ಲ, ಉದ್ದಕ್ಕಿದೆ. ಕೊಕ್ಕೆ ಎಷ್ಟು ದಪ್ಪ ಇದೆಯೋ ಅಷ್ಟೇ ದೂರ ಅದು ಹಿಂದೆ ಮುಂದೆ ಜರುಗುತ್ತದೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಬರುತ್ತದೆ, ಆಗ ಕೊಕ್ಕೆಯ ಒಳಮೈಯಿಂದ ಅಳತೆ ಶುರು. ಕಿಟಕಿಯ ಒಳಗೆ ಒತ್ತಿ ಹಿಡಿದಾಗ ಒಳಗೆ ಹೋಗುತ್ತದೆ, ಆಗ ಹೊರಮೈಯಿಂದ ಶುರು. ಎರಡೂ ಸಲ ಸರಿಯಾದ ಅಳತೆ ಸಿಗಲಿ ಅಂತ ಈ ಏರ್ಪಾಡು. ನೀವು ಬಿಗಿ ಮಾಡಿದ ಮೇಲೆ ಎರಡರಲ್ಲಿ ಒಂದು ಅಳತೆ ಯಾವಾಗಲೂ ತಪ್ಪಿ ಬರುತ್ತದೆ.

ಕಿಟಕಿ_ಸರಳು

ಓ! ಹಲಗೆ ಕತ್ತರಿಸಿದಾಗಲೆಲ್ಲ ಒಂದು ಎಂಎಂ ಆಚೀಚೆ ಬರುತ್ತಿದ್ದದ್ದು ಇದಕ್ಕೇನಾ? ಗರಗಸದ್ದೇ ತಪ್ಪು ಅಂತಿದ್ದೆ. ಅಂಟು ಈಗಲೇ ಕೆರೆದು ತೆಗೆಯುತ್ತೇನೆ. ತುಂಬಾ ಥ್ಯಾಂಕ್ಸ್ ಸರ್.

ಮರದ_ಪುಡಿ

ಗರಗಸದ ಬ್ಲೇಡಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಗೆರೆ ಎಳೆದು, ಬೇಡದ ತುಂಡಿನ ಕಡೆಗೆ ಬ್ಲೇಡ್ ಇಟ್ಟು ಕೊಯ್ಯಿ. ಗೆರೆಯ ಮೇಲೆ ಕೊಯ್ದರೆ ಗೆರೆಯೂ ಹೋಯಿತು, ಅಳತೆಯೂ ಹೋಯಿತು.

ರಸಮಟ್ಟ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಮೇಜಿನ ಮೇಲೆ ಇಟ್ಟು ಗುಳ್ಳೆ ಎಲ್ಲಿ ನಿಂತಿದೆ ನೋಡಿಕೊಳ್ಳಿ. ಅದೇ ಜಾಗದಲ್ಲಿ ಎಡ ತುದಿ ಬಲಕ್ಕೆ ಬರುವ ಹಾಗೆ ತಿರುಗಿಸಿ ಇಡಿ. ನಿಮ್ಮ ಕಣ್ಣಿಗೆ ಗುಳ್ಳೆ ಮೊದಲು ನಿಂತ ಕಡೆಗೇ ನಿಂತರೆ ರಸಮಟ್ಟ ಸರಿ, ಮೇಜು ಓರೆ ಇದ್ದರೂ ಪರವಾಗಿಲ್ಲ. ಬೇರೆ ಕಡೆ ಹೋದರೆ ಆ ರಸಮಟ್ಟ ಬಿಟ್ಟು ಇನ್ನೊಂದು ಕೇಳಿ.

ಹೊಸ_ಕೀಲಿಕೈ

ಇದೆಲ್ಲ ಬರೆದುಕೊಳ್ಳುತ್ತಿದ್ದೇನೆ. ಟೇಪ್ 3 ಮೀಟರ್ ಸಾಕಾ, 5 ಮೀಟರ್ ಬೇಕಾ?

ಇಬ್ಬರು_ಮಕ್ಕಳ_ತಾಯಿ

5 ಮೀಟರ್. ಕೋಣೆ ಅಳೆಯುವಾಗ 3 ಸಾಲುವುದಿಲ್ಲ. ಅಗಲ ಪಟ್ಟಿಯದ್ದು ತೆಗೆದುಕೊಳ್ಳಿ, ಒಬ್ಬರೇ ಹಿಡಿದಾಗ ನಡುವೆ ಮಡಚಿ ಬೀಳುವುದು ಕಡಿಮೆ.

ಕರೆಂಟ್_ಕೆಲಸ

ಪಟ್ಟಿಯಲ್ಲಿ ಯಾರೂ ಟೆಸ್ಟರ್ ಬರೆದೇ ಇಲ್ಲ. ಬರೆಯದೇ ಇದ್ದದ್ದು ಒಂದು ರೀತಿ ಒಳ್ಳೆಯದೇ. ಯಾಕೆ ಅಂತ ಹೇಳುತ್ತೇನೆ.

ಸ್ಕ್ರೂಡ್ರೈವರ್ ಆಕಾರದ ಆ ಟೆಸ್ಟರ್ ಒಳಗೆ ಒಂದು ಪುಟ್ಟ ನಿಯಾನ್ ದೀಪ, ಒಂದು ದೊಡ್ಡ ರೆಸಿಸ್ಟರ್ ಇರುತ್ತವೆ. ಹಿಂದಿನ ಮುಚ್ಚಳ ಮುಟ್ಟಿದಾಗ ತೀರಾ ಸಣ್ಣ ಕರೆಂಟ್ ನಿಮ್ಮ ಮೈ ಮೂಲಕ ಹಾದು ದೀಪ ಹೊತ್ತುತ್ತದೆ. ಒಣ ರಬ್ಬರ್ ಚಪ್ಪಲಿ ಹಾಕಿ ಮರದ ಏಣಿ ಮೇಲೆ ನಿಂತಿದ್ದರೆ ದೀಪ ಮಂಕಾಗಬಹುದು. ಬಿಸಿಲಿನಲ್ಲಿ ಹೊತ್ತಿದ್ದೂ ಕಾಣುವುದಿಲ್ಲ. ನ್ಯೂಟ್ರಲ್ ತುಂಡಾಗಿದ್ದರೆ ಎರಡೂ ತೂತಿನಲ್ಲಿ ಹೊತ್ತಬಹುದು. ಹಾಗಾಗಿ ಟೆಸ್ಟರ್ ಹೊತ್ತಿದರೆ ಕರೆಂಟ್ ಇದೆ ಅಂತ ಎಚ್ಚರವಾಗಿ. ಹೊತ್ತಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತ ನಂಬಬೇಡಿ.

ನನ್ನ ಕ್ರಮ ಇದು. ಕೆಲಸದ ಜಾಗದ ಲೈನ್ ಆಫ್ ಮಾಡುವ ಮುಂಚೆ, ಕರೆಂಟ್ ಇದೆ ಅಂತ ಖಾತ್ರಿ ಇರುವ ಒಂದು ಪ್ಲಗ್ಗಿನಲ್ಲಿ ಮಲ್ಟಿಮೀಟರ್ (ಕರೆಂಟ್ ಅಳೆಯುವ ಮೀಟರ್) ಕೆಲಸ ಮಾಡುತ್ತದೆಯಾ ನೋಡುತ್ತೇನೆ. ಆಮೇಲೆ ಆಫ್ ಮಾಡಿ, ಕೆಲಸದ ಜಾಗ ನೋಡುತ್ತೇನೆ. ಮತ್ತೆ ಕರೆಂಟ್ ಇರುವ ಬೇರೆ ಜಾಗದಲ್ಲಿ ಮೀಟರ್ ನೋಡುತ್ತೇನೆ. ನಡುವೆ ಮೀಟರೇ ಕೆಟ್ಟಿದ್ದರೆ ಮೂರನೇ ಹೆಜ್ಜೆಯಲ್ಲಿ ಸಿಕ್ಕಿಬೀಳುತ್ತದೆ.

ಮೂರನೇ_ಮಹಡಿ

ಮನೆಯವರಿಗೆ ಮಲ್ಟಿಮೀಟರ್ ಬೇಕಾ? ಸುಮ್ನೆ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ಪ್ಲಗ್ ಟಾಪ್ ಬದಲಾಯಿಸಲು ಟೆಸ್ಟರ್ ಸಾಕಪ್ಪ.

ಕರೆಂಟ್_ಕೆಲಸ

ಪ್ಲಗ್ ಟಾಪ್ ಬದಲಾಯಿಸಲು ಟೆಸ್ಟರ್ ಕೂಡ ಬೇಡ ಸರ್, ಅದನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದೇ ಮಾಡುವ ಕೆಲಸ. ನಾನು ಹೇಳುತ್ತಿರುವುದು ಗೋಡೆಯೊಳಗಿನ ವೈರ್ ಬಗ್ಗೆ. ಹೆದರಿಸುತ್ತಿಲ್ಲ. ಹೊಸಬರು ಸ್ವಿಚ್ ಬೋರ್ಡ್ ಬಿಚ್ಚುವುದೇ ಬೇಡ, ಕಲಿತವರನ್ನು ಕರೆಸಲಿ ಅನ್ನುತ್ತಿದ್ದೇನೆ.

ಇನ್ನೊಂದು ಮಾತು. ಪ್ಲಾಸ್ಟಿಕ್ ಹಿಡಿ ಇದ್ದ ಮಾತ್ರಕ್ಕೆ ಇಕ್ಕಳ ಕರೆಂಟ್ ಕೆಲಸಕ್ಕೆ ಬರುವುದಿಲ್ಲ. ಆ ಕೆಲಸಕ್ಕೆ ಮಾಡಿದ್ದರ ಮೇಲೆ ಎರಡು ತ್ರಿಕೋನದ ಗುರುತು, 1000 ವೋಲ್ಟ್ ಅಂತ ಬರಹ ಇರುತ್ತದೆ. ಐಇಸಿ 60900 ಅನ್ನುವ ಮಾನದಂಡ ಅದು. ಬಣ್ಣ ಬಣ್ಣದ ಮೆತ್ತನೆ ಹಿಡಿ ಕೈಗೆ ಹಿತ, ಅಷ್ಟೇ.

ಹೊಸ_ಕೀಲಿಕೈ

ಸ್ವಿಚ್ ಬೋರ್ಡ್ ಮುಟ್ಟುವುದಿಲ್ಲ ಸರ್, ಮಾತು ಕೊಡುತ್ತೇನೆ. ಶೆಲ್ಫ್ ಬಗ್ಗೆ ಹೇಳಿ. ಡ್ರಿಲ್ ಬೇಕಲ್ವಾ ಅದಕ್ಕೆ?

ಗ್ಯಾರೇಜ್_ಮಾತು

ಒಂದು ಶೆಲ್ಫ್‌ಗೆ ನಾಲ್ಕು ತೂತು. ಅದಕ್ಕೆ ಮಷೀನು ಕೊಳ್ಳಬೇಡಿ. ಯಾರ ಹತ್ತಿರವಾದರೂ ಒಂದು ಗಂಟೆಗೆ ಕೇಳಿ ತನ್ನಿ.

ಇಬ್ಬರು_ಮಕ್ಕಳ_ತಾಯಿ

ಕೇಳಿ ತರುವುದಕ್ಕೆ ನಾನು ವಿರೋಧ. ಎರವಲು ತಂದ ಮಷೀನಿನಲ್ಲಿ ಮೊಂಡು ಬಿಟ್ (ಕೊರೆಯುವ ಕಡ್ಡಿ) ಇತ್ತು. ಹತ್ತು ನಿಮಿಷ ಒತ್ತಿದರೂ ಅರ್ಧ ಇಂಚು ಹೋಗಲಿಲ್ಲ, ನನಗೇ ಶಕ್ತಿ ಸಾಲದು ಅಂದುಕೊಂಡು ವಾಪಸ್ ಕೊಟ್ಟೆ. ವರ್ಷದ ಮೇಲೆ ಹೊಸ ಬಿಟ್ ಹಾಕಿದಾಗ ಅದೇ ಗೋಡೆ ಸರಾಗವಾಗಿ ಕೊರೆಯಿತು. ಮಷೀನು ಎರವಲು ತಂದರೂ ಬಿಟ್ ಮಾತ್ರ ಸ್ವಂತದ್ದು ಇರಲಿ ತಂಗಿ.

ಮರದ_ಪುಡಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಗೋಡೆಗೆ ತುದಿಯಲ್ಲಿ ಕಾರ್ಬೈಡ್ ತುಣುಕು ಕೂರಿಸಿದ ಮೇಸನ್ರಿ ಬಿಟ್ ಬೇಕು. ಮರದ ಬಿಟ್, ಕಬ್ಬಿಣದ ಬಿಟ್ ಗೋಡೆಗೆ ಹಾಕಿದರೆ ಒಂದೇ ತೂತಿಗೆ ಮೊಂಡಾಗುತ್ತವೆ.

ಕೆಲಸ ಹೀಗೆ ಮಾಡಿ. 6 ಎಂಎಂ ರಾವಲ್ ಪ್ಲಗ್ (ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ), ಅದಕ್ಕೆ 6 ಎಂಎಂ ಬಿಟ್, ಸುಮಾರು 4 ಎಂಎಂ ದಪ್ಪದ ಸ್ಕ್ರೂ. ಪ್ಲಗ್ಗನ್ನು ಬಿಟ್ಟಿನ ಪಕ್ಕ ಹಿಡಿದು, ಅದಕ್ಕಿಂತ ಸ್ವಲ್ಪ ಆಚೆಗೆ ಬಿಟ್ ಸುತ್ತ ಬಣ್ಣದ ಟೇಪ್ ಸುತ್ತಿ. ಟೇಪ್ ಗೋಡೆ ಮುಟ್ಟಿದ ಕೂಡಲೇ ನಿಲ್ಲಿಸಿ, ಆಳ ಸಾಕು ಅಂತ ಅರ್ಥ. ತೂತಿನ ಕೆಳಗೆ ಒಂದು ಕಾಗದವನ್ನು ದೋಣಿ ಹಾಗೆ ಮಡಚಿ ಅಂಟಿಸಿ, ಪುಡಿಯೆಲ್ಲ ಅದರಲ್ಲೇ ಬೀಳುತ್ತದೆ. ತೂತಿನೊಳಗಿನ ಪುಡಿ ತೆಗೆದೇ ಪ್ಲಗ್ ಹಾಕಿ, ಇಲ್ಲದಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಬಾಯಿಂದ ಊದುವುದಾದರೆ ಕನ್ನಡಕ ಹಾಕಿಕೊಂಡು ಊದಿ. ಪ್ಲಗ್ಗಿನ ಬಾಯಿ ಗೋಡೆ ಮಟ್ಟಕ್ಕೆ ಬರಬೇಕು.

ಟೈಲ್ಸ್ ಮೇಲಾದರೆ ಡ್ರಿಲ್ಲಿನ ಹ್ಯಾಮರ್ (ಗುದ್ದುತ್ತಾ ಕೊರೆಯುವ) ಗುಂಡಿ ಆಫ್ ಮಾಡಿ. ಟೈಲ್ಸ್‌ನದ್ದೇ ಬಿಟ್ ಹಾಕಿ, ನಿಧಾನ ವೇಗದಲ್ಲಿ ಹೋಗಿ.

ಕರೆಂಟ್_ಕೆಲಸ

ತೂತು ಎಲ್ಲಿ ಹಾಕಬಾರದು ಅಂತಲೂ ಹೇಳಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕಕ್ಕೆ ಬೇಡ. ವೈರ್ ಸಾಮಾನ್ಯವಾಗಿ ಆ ದಾರಿಯಲ್ಲೇ ಬಂದಿರುತ್ತದೆ. ನಲ್ಲಿಯ ಸುತ್ತಲೂ ಅಷ್ಟೇ, ಒಳಗೆ ಪೈಪ್ ಇರುತ್ತದೆ. ಡ್ರಿಲ್ ಹಿಡಿದಾಗ ಕೈಗೆ ಬಟ್ಟೆಯ ಗ್ಲೌಸ್ ಬೇಡ, ತಿರುಗುವ ಬಿಟ್ಟಿಗೆ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉದ್ದ ಕೂದಲು ಕಟ್ಟಿಕೊಳ್ಳಿ.

ನಿಧಾನಸ್ಥ

ಅದಕ್ಕೂ ಮೊದಲು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದು ಇಟ್ಟಿಗೆಯದ್ದಲ್ಲ, ಹಲಗೆ (ಬೋರ್ಡ್) ಜೋಡಿಸಿದ ಗೋಡೆ ಇರಬಹುದು. ಅದಕ್ಕೆ ಈ ಪ್ಲಗ್ ಹಿಡಿಯುವುದಿಲ್ಲ, ಹಿಂದೆ ಅರಳಿಕೊಳ್ಳುವ ಬೇರೆ ರೀತಿಯ ಆಂಕರ್ ಬರುತ್ತದೆ. ಶೆಲ್ಫ್ ಮೇಲೆ ಏನಿಡುತ್ತೀರಿ ಅಂತಲೂ ಯೋಚಿಸಿ. ಪುಸ್ತಕ ಅಂದುಕೊಂಡದ್ದಕ್ಕಿಂತ ತುಂಬಾ ಭಾರ.

ಈ ಪ್ಲಗ್ ಎಷ್ಟು ಚಿಕ್ಕ ವಸ್ತು, ಎಷ್ಟು ದೊಡ್ಡ ಕೆಲಸ ನೋಡಿ. ಈಗ ನಾವು ಬಳಸುವ ನೈಲಾನ್ ಪ್ಲಗ್ ಜರ್ಮನಿಯ ಆರ್ಟುರ್ ಫಿಶರ್ 1958ರಲ್ಲಿ ಮಾಡಿದ್ದು. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಅಗಲವಾಗಿ ಗೋಡೆಯನ್ನು ಒಳಗಿನಿಂದ ಒತ್ತುತ್ತದೆ. ಆ ಒತ್ತುವಿಕೆಯೇ ಭಾರ ಹೊರುವುದು.

ಕಿಟಕಿ_ಸರಳು

ಹಾಗೆ ಬಂದರೆ ಕಟರ್ ಕತೆಯೂ ಚೆಂದ. ಮೊಂಡಾದ ತುದಿಯನ್ನು ಚಟಕ್ ಅಂತ ಮುರಿದು ಹಾಕುವ ಬ್ಲೇಡ್ ಇದೆಯಲ್ಲ, ಅದು 1956ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಒಡೆದ ಗಾಜಿನ ಚೂಪು ಅಂಚು, ಗೆರೆ ಗೆರೆಯಾಗಿ ಮುರಿಯುವ ಚಾಕೊಲೇಟ್, ಇವೆರಡನ್ನೂ ನೋಡಿ ಹೊಳೆದ ಉಪಾಯ ಅಂತೆ. ಮನೆಗೆ 18 ಎಂಎಂ ಬ್ಲೇಡಿನದ್ದು ಒಳ್ಳೆಯದು. ಸಣ್ಣ 9 ಎಂಎಂ ಕಾಗದ ಕತ್ತರಿಸಲು ಸರಿ, ದಪ್ಪ ರಟ್ಟಿಗೆ ಬಾಗುತ್ತದೆ.

ಇಬ್ಬರು_ಮಕ್ಕಳ_ತಾಯಿ

ಮೊಂಡಾದ ತುದಿಯನ್ನು ಬರಿಗೈಯಲ್ಲಿ ಮುರಿಯಬೇಡಿ, ಇಕ್ಕಳದಲ್ಲಿ ಹಿಡಿದು ಮುರಿಯಿರಿ. ಆ ತುಂಡುಗಳನ್ನು ಒಂದು ಮುಚ್ಚಳದ ಡಬ್ಬದಲ್ಲಿ ಸೇರಿಸಿ. ನಮ್ಮ ಮನೆಯಲ್ಲಿ ಕಸದ ಚೀಲದಿಂದ ಹೊರಗೆ ಚುಚ್ಚಿಕೊಂಡಿದ್ದ ತುಂಡು ನನ್ನ ಚಿಕ್ಕ ಮಗನ ಕಾಲಿಗೆ ತಾಗಿತ್ತು. ಅವತ್ತಿನಿಂದ ಡಬ್ಬ.

ಮೇಲೆ ಹತ್ತಲು ಕುರ್ಚಿಯ ಮೇಲೆ ಕುರ್ಚಿ ಇಡಬೇಡಿ. ಒಂದು ಮಡಚುವ ಏಣಿ ಟೂಲ್ ಬಾಕ್ಸಿನಷ್ಟೇ ಮುಖ್ಯ.

ನಿಧಾನಸ್ಥ

ಗೋಡೆಗೆ ಒರಗಿಸುವ ಏಣಿ ಆದರೆ ನಾಲ್ಕಕ್ಕೆ ಒಂದು ಲೆಕ್ಕ. ಏಣಿ 4 ಅಡಿ ಎತ್ತರದಲ್ಲಿ ಒರಗಿದ್ದರೆ ಕಾಲು ಗೋಡೆಯಿಂದ 1 ಅಡಿ ದೂರ.

ಗ್ಯಾರೇಜ್_ಮಾತು

ಸ್ಪ್ಯಾನರ್ ಬಗ್ಗೆ ಯಾರೂ ಮಾತೇ ಆಡಲಿಲ್ಲ, ಅದನ್ನೇ ಹೆಚ್ಚು ಜನ ತಪ್ಪು ಹಿಡಿಯುವುದು. ಅಡ್ಜಸ್ಟಬಲ್ ಸ್ಪ್ಯಾನರ್‌ಗೆ ಎರಡು ದವಡೆ. ಒಂದು ಹಿಡಿಯ ಜೊತೆಗೇ ಇರುವ ಗಟ್ಟಿ ದವಡೆ, ಇನ್ನೊಂದು ಜರುಗುವ ದವಡೆ. ಒತ್ತಡ ಗಟ್ಟಿ ದವಡೆ ಮೇಲೆ ಬೀಳಬೇಕು. ಅಂದರೆ ಜರುಗುವ ದವಡೆ ಇರುವ ಕಡೆಗೆ ತಿರುಗಿಸಬೇಕು. ಆ ದಿಕ್ಕಿಗೆ ಆಗದಿದ್ದರೆ ಸ್ಪ್ಯಾನರ್ ಮಗುಚಿ ಹಾಕಿ. ಹಾಕಿದ ಮೇಲೆ ಹೆಬ್ಬೆರಳಿನಿಂದ ತಿರುಗಣಿ ಇನ್ನೊಂದು ಸಲ ಬಿಗಿ ಮಾಡಿ. ಸಡಿಲ ಇದ್ದರೆ ನಟ್ಟಿನ ಆರು ಮೂಲೆಯೂ ಸವೆದು ದುಂಡಗಾಗುತ್ತವೆ. ಆದಷ್ಟೂ ನಿಮ್ಮ ಕಡೆಗೆ ಎಳೆಯಿರಿ, ದೂಡಬೇಡಿ. ಜಾರಿದಾಗ ಗೆಣ್ಣು ಗೋಡೆಗೆ ಬಡಿಯುವುದು ತಪ್ಪುತ್ತದೆ.

ಕಿಟಕಿ_ಸರಳು

ತುಕ್ಕು ಹಿಡಿದ ನಟ್ಟಿಗೆ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಒಂದು ಡಬ್ಬ ಮನೆಯಲ್ಲಿರಲಿ.

ಗ್ಯಾರೇಜ್_ಮಾತು

ಇರಲಿ, ಆದರೆ ಎಲ್ಲಕ್ಕೂ ಅದನ್ನೇ ಹೊಡೆಯಬೇಡಿ. 1953ರಲ್ಲಿ ಅದನ್ನು ಮಾಡಿದ್ದು ನೀರನ್ನು ಹೊರದೂಡಿ ತುಕ್ಕು ತಡೆಯಲು. ಹೆಸರೇ ಹಾಗೆ, ಡಬ್ಲ್ಯೂಡಿ ಅಂದರೆ ಇಂಗ್ಲಿಷಿನಲ್ಲಿ ನೀರು ಹೊರದೂಡುವುದು, 40ನೇ ಪ್ರಯತ್ನದಲ್ಲಿ ಸರಿಬಂತು ಅಂತ 40. ಬಿಡಿಸಲು ಒಳ್ಳೆಯದು. ದಿನವೂ ತಿರುಗುವ ಜಾಗಕ್ಕೆ ಬಾಳುವ ಎಣ್ಣೆ ಅಲ್ಲ. ಬಾಗಿಲಿನ ಹಿಂಜಿಗೆ ಮಷೀನ್ ಎಣ್ಣೆ ಎರಡು ಹನಿ ಬಿಡಿ.

ಮೂರನೇ_ಮಹಡಿ

ತಿರುಗಿಸುವ ದಿಕ್ಕಿನ ಮಾತು ಬಂತು ಅಂತ ನೆನಪಾಯಿತು. ಟೇಬಲ್ ಫ್ಯಾನ್ ಒರೆಸಲು ರೆಕ್ಕೆ ಬಿಚ್ಚಲು ಹೋಗಿ ಅರ್ಧ ಗಂಟೆ ಗುದ್ದಾಡಿದೆ. ಎಡಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತಿತ್ತು. ಕೊನೆಗೆ ನೋಡಿದರೆ ರೆಕ್ಕೆಯ ಮುಂದಿನ ಟೋಪಿಗೆ ಉಲ್ಟಾ ಥ್ರೆಡ್! ಯಾಕೆ ಹಾಗೆ ಮಾಡುತ್ತಾರೆ?

ಗ್ಯಾರೇಜ್_ಮಾತು

ಫ್ಯಾನ್ ತಿರುಗುತ್ತಾ ತಿರುಗುತ್ತಾ ತಾನಾಗಿ ಸಡಿಲವಾಗದಿರಲಿ ಅಂತ. ಸೈಕಲ್ಲಿನ ಎಡ ಪೆಡಲ್ ಕೂಡ ಹಾಗೇ, ಉಲ್ಟಾ ಥ್ರೆಡ್.

ಹೊಸ_ಕೀಲಿಕೈ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ತಂದೆ. ತುದಿ ಬದಲಾಯಿಸುವ ಸ್ಕ್ರೂಡ್ರೈವರ್ (ಪಿಎಚ್, ಪಿಝೆಡ್ ಎರಡೂ ಇವೆ), ಅಲೆನ್ ಕೀ, ಕಟಿಂಗ್ ಪ್ಲೇಯರ್, 8 ಇಂಚಿನ ಸ್ಪ್ಯಾನರ್, 300 ಗ್ರಾಂ ಸುತ್ತಿಗೆ, 5 ಮೀಟರ್ ಟೇಪ್, ರಸಮಟ್ಟ, ಕಟರ್, ಕನ್ನಡಕ, ತಲೆ ಟಾರ್ಚ್, 6 ಎಂಎಂ ಮೇಸನ್ರಿ ಬಿಟ್. ರಸಮಟ್ಟ ಮೂರು ತಿರುಗಿಸಿ ನೋಡಿದೆ, ಮೂರನೆಯದು ಸರಿ ಇತ್ತು. ಅಂಗಡಿಯವರು ಕೂಡ ಬಗ್ಗಿ ನೋಡಿದರು.

ಕುರ್ಚಿ ಐದೇ ನಿಮಿಷ. ಅಡಿಯಲ್ಲಿ ನಾಲ್ಕು ಬೋಲ್ಟು, 5 ಎಂಎಂ ಅಲೆನ್ ಕೀ. ಈಗ ಕಲ್ಲಿನ ಹಾಗೆ ನಿಂತಿದೆ.

ಬಾಗಿಲು ಮಾತ್ರ ಇನ್ನೂ ಆಗಿಲ್ಲ. ತಲೆ ಸವೆದ ಸ್ಕ್ರೂ ಹೊರಗೆ ಬರುತ್ತಿಲ್ಲ.

ನಿಧಾನಸ್ಥ

ಅಗಲ ರಬ್ಬರ್ ಬ್ಯಾಂಡ್ ಇದೆಯಾ? ಕತ್ತರಿಸಿ, ಚಪ್ಪಟೆಯಾಗಿ ಸ್ಕ್ರೂ ತಲೆ ಮೇಲಿಡಿ. ಅದರ ಮೇಲೆ ಪಿಝೆಡ್2 ಇಟ್ಟು, ಮೈಭಾರ ಹಾಕಿ ಒತ್ತುತ್ತಾ ನಿಧಾನವಾಗಿ ತಿರುಗಿಸಿ. ತಿರುಗಿಸುವುದಕ್ಕಿಂತ ಒತ್ತುವುದು ಜಾಸ್ತಿ ಇರಬೇಕು. ರಬ್ಬರ್ ಸವೆದ ಸಂದುಗಳಲ್ಲಿ ತುಂಬಿಕೊಂಡು ಹಿಡಿತ ಕೊಡುತ್ತದೆ. ತಲೆ ಸ್ವಲ್ಪ ಮೇಲೆದ್ದರೆ ಆಮೇಲೆ ಇಕ್ಕಳದಿಂದ ಹಿಡಿದು ತಿರುಗಿಸಬಹುದು.

ಹೊಸ_ಕೀಲಿಕೈ

ಬಂತು! ಎರಡನೇ ಸಲಕ್ಕೆ ಕರ್ ಅಂತ ಸದ್ದಾಯಿತು, ಆಮೇಲೆ ಸಲೀಸಾಗಿ ತಿರುಗಿತು. ಆದರೆ ತೂತು ದೊಡ್ಡದಾಗಿದೆ, ಹೊಸ ಸ್ಕ್ರೂ ಹಾಕಿದರೆ ಸುಮ್ನೆ ತಿರುಗುತ್ತಲೇ ಇರುತ್ತದೆ. ಒಳಗೆ ಮರದ ಹುಡಿ ಒತ್ತಿದ ಹಲಗೆ ಇದ್ದ ಹಾಗಿದೆ.

ಮರದ_ಪುಡಿ

ಬೆಂಕಿಕಡ್ಡಿಯ ಮದ್ದಿನ ತಲೆ ಕತ್ತರಿಸಿ ಹಾಕಿ, ಬರೀ ಕಡ್ಡಿ ಇಟ್ಟುಕೊಳ್ಳಿ. ಎರಡು ಮೂರು ಕಡ್ಡಿಗೆ ಮರದ ಅಂಟು ಸವರಿ ತೂತಿಗೆ ತುಂಬಿ, ಹೊರಗೆ ಉಳಿದದ್ದನ್ನು ಕಟರ್‌ನಲ್ಲಿ ಸಮ ಮಾಡಿ. ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ. ಬೆಳಿಗ್ಗೆ ನಡುವೆ ಮೊಳೆಯಿಂದ ಒಂದು ಚುಕ್ಕೆ ಗುರುತು ಮಾಡಿ ಸ್ಕ್ರೂ ಹಾಕಿ. ಬಿಗಿ ಬಂದ ಕೂಡಲೇ ನಿಲ್ಲಿಸಿ. ಇನ್ನರ್ಧ ಸುತ್ತು ಅಂತ ಆಸೆ ಮಾಡಿದರೆ ಮತ್ತೆ ತೂತು ಹರಿಯುತ್ತದೆ.

ಆಮೇಲೂ ಬಾಗಿಲು ಸ್ವಲ್ಪ ಓರೆ ಅನ್ನಿಸಿದರೆ, ಆ ಹಿಂಜಿನಲ್ಲೇ ಹೊಂದಿಸುವ ಸ್ಕ್ರೂ ಇರುತ್ತದೆ. ಕಾಲು ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ ನೋಡಿ, ಮತ್ತೆ ಕಾಲು ಸುತ್ತು.

ಹೊಸ_ಕೀಲಿಕೈ

ಬಾಗಿಲು ಕೂತಿತು. ಮುಚ್ಚಿದಾಗ ಎರಡೂ ಬಾಗಿಲಿನ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದೆ. ನಾಲ್ಕೈದು ಸಲ ಸುಮ್ನೆ ತೆಗೆದು ಮುಚ್ಚಿ ನೋಡಿದೆ. ಅಪ್ಪನಿಗೆ ಫೋಟೋ ಕಳಿಸಿದೆ.

ಶೆಲ್ಫ್ ಇನ್ನೂ ಬಾಕಿ ಇದೆ, ಅದಕ್ಕೂ ಮೊದಲು ನಲ್ಲಿ. ನಲ್ಲಿಗೇನಾದರೂ ಬೇರೆ ಸಾಮಾನು ಬೇಕಾ?

ಗ್ಯಾರೇಜ್_ಮಾತು

ನಿಮ್ಮ ಸ್ಪ್ಯಾನರ್ ಸಾಕು. ಮೊದಲು ನೀರು ನಿಲ್ಲಿಸುವ ಕಾಕ್ ಎಲ್ಲಿದೆ ಹುಡುಕಿ ಮುಚ್ಚಿ. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಿ. ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿ, ಸಣ್ಣ ಸ್ಕ್ರೂ ಬಿದ್ದರೆ ಒಳಗೆ ಹೋಗದ ಹಾಗೆ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆ ಮೇಲೆ ಸಾಲಾಗಿ ಇಡಿ. ಹೊಳಪಿನ ಭಾಗಕ್ಕೆ ಸ್ಪ್ಯಾನರ್ ಹಾಕುವಾಗ ನಡುವೆ ಬಟ್ಟೆ ಇಡಿ, ಇಲ್ಲದಿದ್ದರೆ ಗೀರು ಬೀಳುತ್ತದೆ. ಒಳಗಿನ ವಾಷರ್ ತೆಗೆದು ನೋಡಿ ಹೇಳಿ.

ಹೊಸ_ಕೀಲಿಕೈ

ಬಿಚ್ಚಿದೆ. ವಾಷರ್ ಕಪ್ಪು ರಬ್ಬರಿನದು. ಮೇಲೆ ಉಂಗುರ ಒತ್ತಿದ ಹಾಗೆ ದುಂಡಗೆ ಗುಳಿ ಬಿದ್ದಿದೆ. ಬೆರಳಿಗೆ ಕಪ್ಪು ಹತ್ತುತ್ತಿದೆ.

ಗ್ಯಾರೇಜ್_ಮಾತು

ಅದೇ ತೊಟ್ಟಿಕ್ಕುತ್ತಿದ್ದದ್ದು. ಅಳತೆ ಬರೆದುಕೊಂಡು ಹೋಗಬೇಡಿ, ಆ ವಾಷರನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಎರಡು ತನ್ನಿ. ಹೊಸದು ಹಾಕುವ ಮುಂಚೆ ಅದು ಕೂರುವ ಜಾಗಕ್ಕೆ ಬೆರಳು ಆಡಿಸಿ. ನುಣುಪಾಗಿದ್ದರೆ ಸರಿ. ಒರಟಾಗಿ ಕಚ್ಚು ಬಿದ್ದಿದ್ದರೆ ಹೊಸ ವಾಷರೂ ಸೋರುತ್ತದೆ, ಆಗ ಪ್ಲಂಬರ್ ಕರೆಸಿ.

ಹೊಸ_ಕೀಲಿಕೈ

ನುಣುಪಾಗಿದೆ ಅಣ್ಣಾ. ಈಗಲೇ ಹೊರಟೆ.